ಕೆನೆ ಬಣ್ಣದ ಲೆದರ್ ಸೀಟು: ನಾನು ಕ್ಲೀನ್ ಮಾಡುವ ರೀತಿ

ಲೆದರ್ ಸೀಟು ಮಿರಮಿರ ಹೊಳೆಯುತ್ತಿದ್ದರೆ ಚೆನ್ನಾಗಿ ಕ್ಲೀನ್ ಆಗಿದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಉಲ್ಟಾ. ಶೋರೂಮಿನಲ್ಲಿ ನಿಂತ ಹೊಸ ಕಾರಿನ ಸೀಟು ನೋಡಿ, ಅದಕ್ಕೆ ಅಂಥ ಹೊಳಪೇ ಇರುವುದಿಲ್ಲ. ಬೆವರು, ತಲೆಯ ಎಣ್ಣೆ, ರಸ್ತೆಯ ಧೂಳು ಎಲ್ಲ ಸೇರಿ ಜಿಡ್ಡು ಕೂತ ಮೇಲೆ ಬರುವುದು ಆ ಹೊಳಪು. ಕಪ್ಪು ಸೀಟಿನಲ್ಲಿ ಆ ಕೊಳೆ ಅಷ್ಟಾಗಿ ಗೊತ್ತಾಗುವುದಿಲ್ಲ. ಕೆನೆ ಬಣ್ಣದ ಸೀಟು ಮಾತ್ರ ಏನನ್ನೂ ಮುಚ್ಚಿಡುವುದಿಲ್ಲ.

ನಾನಿರುವುದು ಬೆಂಗಳೂರಿನಲ್ಲಿ. ನನ್ನ ಕಾರಿನ ಒಳಗೆಲ್ಲ ತಿಳಿ ಬೀಜ್, ಅಂದರೆ ಕೆನೆಯಂಥ ಬಣ್ಣ. ಹಾಗಾಗಿ ಈ ಕೆಲಸ ನಾನೇ ಕಲಿತುಕೊಂಡೆ, ಈಗ ನೆಂಟರ ಕಾರುಗಳೂ ನನ್ನ ಹತ್ತಿರವೇ ಬರುತ್ತವೆ. ಇಲ್ಲಿ ಬರೆಯುತ್ತಿರುವುದು ಹೆಚ್ಚಾಗಿ ಅಕ್ಕನ ಕಾರಿನ ವಿಷಯ. ಆಯುಧ ಪೂಜೆ ಆದಮೇಲೆ ಬಂದ ಕಾರು ಅದು. ಸೀಟಿನ ಮೇಲೆ ಅರಿಶಿನ, ಕುಂಕುಮ. ಡ್ರೈವರ್ ಸೀಟಿನ ಅಂಚಿನಲ್ಲಿ ಜೀನ್ಸ್‌ನ ನೀಲಿ. ಭಾವನ ತಲೆ ತಾಗುವ ಜಾಗದಲ್ಲಿ ಎಣ್ಣೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಕಾರಿನ ಲೆದರ್ ಮೇಲೆ ಬಹುತೇಕ ಬಣ್ಣದ ಒಂದು ಪದರ, ಅದರ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ಕೋಟಿಂಗ್ ಇರುತ್ತದೆ. ನಾವು ತೊಳೆಯುವುದು ಆ ಕೋಟಿಂಗನ್ನು, ಚರ್ಮವನ್ನಲ್ಲ. ಗೋಡೆಗೆ ಹೊಡೆದ ಪೇಂಟ್ ಇದ್ದ ಹಾಗೆ. ಜೋರಾಗಿ ಉಜ್ಜಿದರೆ ಕೊಳೆಯ ಜೊತೆ ಪೇಂಟೂ ಬರುತ್ತದೆ. ಅನುಮಾನ ಇದ್ದರೆ ಸೀಟಿನ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಹನಿ ಮೇಲೇ ನಿಂತರೆ ಕೋಟಿಂಗ್ ಇದೆ. ಹೀರಿಕೊಂಡು ಆ ಜಾಗ ಕಪ್ಪಾದರೆ ಕೋಟಿಂಗ್ ಇಲ್ಲದ ಲೆದರ್, ಅದನ್ನು ತಿಳಿದವರ ಕೈಗೆ ಕೊಡುವುದು ವಾಸಿ. ಇನ್ನೊಂದು ಮಾತು: ನಮ್ಮಲ್ಲಿ ಲೆದರ್ ಅಂತ ಕರೆಯುವ ಸೀಟುಗಳಲ್ಲಿ ಎಷ್ಟೋ ಲೆದರೆಟ್, ಅಂದರೆ ಲೆದರ್‌ನಂತೆ ಕಾಣುವ ಕೃತಕ ವಸ್ತು. ನಿಜವಾದ ಲೆದರ್ ಇದ್ದರೂ ಪಕ್ಕ, ಹಿಂಭಾಗ ವಿನೈಲ್ ಇರಬಹುದು. ಅದರಿಂದ ಬೇಜಾರಾಗುವುದೇನಿಲ್ಲ, ತೊಳೆಯುವ ರೀತಿ ಹೆಚ್ಚುಕಮ್ಮಿ ಒಂದೇ.

ಮೊದಲು ವ್ಯಾಕ್ಯೂಮ್. ಮೆತ್ತನೆ ಬ್ರಷ್ ತಲೆ ಹಾಕಿ, ಹೊಲಿಗೆಯ ಸಂದಿಯಲ್ಲಿ ನಿಧಾನವಾಗಿ. ಮಣ್ಣಿನ ಕಣ ಉಳಿದಿದ್ದರೆ ಆಮೇಲೆ ಅದೇ ಮರಳು ಕಾಗದದ ಕೆಲಸ ಮಾಡುತ್ತದೆ. ನಂತರ ಲೆದರ್‌ಗೆ ಅಂತಲೇ ಮಾರುವ ಕ್ಲೀನರ್. ಅದನ್ನು ಸೀಟಿಗೆ ಸ್ಪ್ರೇ ಮಾಡುವುದಿಲ್ಲ, ಬ್ರಷ್‌ಗೆ ಮಾಡುತ್ತೇನೆ. ಗಾಳಿ ಬರುವ ತೂತು ತೂತಿನ ಸೀಟಾದರೆ ಇದನ್ನು ಮರೆಯಲೇಬಾರದು. ನೀರು ಒಳಗಿನ ಸ್ಪಂಜಿಗೆ ಇಳಿದರೆ ಬೇಗ ಒಣಗುವುದಿಲ್ಲ, ಕೆಳಗೆ ವೈರಿಂಗ್ ಬೇರೆ ಇರುತ್ತದೆ. ಕುದುರೆ ಕೂದಲಿನ ಮೆತ್ತನೆ ಬ್ರಷ್‌ನಿಂದ ನೊರೆ ಎಬ್ಬಿಸಿ, ಒಂದು ಸಲಕ್ಕೆ ಅಂಗೈ ಅಗಲದ ಎರಡು ಮೂರು ಜಾಗ ಮಾತ್ರ. ನೊರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಒಣಗುವ ಮುಂಚೆ ಒರೆಸಬೇಕು.

ಒರೆಸಲು ಬಿಳಿ ಮೈಕ್ರೋಫೈಬರ್ ಬಟ್ಟೆಯೇ ಬೇಕು. ಎಷ್ಟು ಕೊಳೆ ಬಂತು ಅಂತ ಕಾಣುತ್ತದೆ, ಬಟ್ಟೆಯ ಬಣ್ಣ ಸೀಟಿಗೆ ಹತ್ತುವ ಭಯವೂ ಇಲ್ಲ. ಬಟ್ಟೆ ಒದ್ದೆ ಮಾಡಲು ನಾನು ಫಿಲ್ಟರ್ ನೀರು ಬಳಸುತ್ತೇನೆ. ನಮ್ಮ ಕಡೆಯ ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಅಲ್ವಾ?

ಈಗ ಅರಿಶಿನಕ್ಕೆ ಬರೋಣ. ಅಕ್ಕ ಆಗಲೇ ಒಂದು ಕೈ ನೋಡಿದ್ದಳು.

“ಬಟ್ಟೆ ಸೋಪಿನ ಪುಡಿ ಹಾಕಿ ಒರೆಸಿದೆ ಕಣೋ, ಹಳದಿ ಹೋಗೋ ಬದಲು ಕೆಂಪಾಗಿಬಿಡ್ತು!”

“ಅದು ಕಲೆ ಜಾಸ್ತಿ ಆಗಿದ್ದಲ್ಲ ಅಕ್ಕ, ಸೋಪು ಕ್ಷಾರ ಅಲ್ವಾ, ಅರಿಶಿನ ಬಣ್ಣ ತಿರುಗುತ್ತೆ ಅಷ್ಟೆ” ಅಂದೆ.

ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಒಂದು ಲೋಟ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ, ಬಟ್ಟೆ ಹಿಂಡಿ ಒತ್ತಿದೆ. ಕೆಂಪು ಹೋಗಿ ಹಳದಿ ವಾಪಸ್ ಬಂತು. ಅದಾದ ಮೇಲೆ ಕ್ಲೀನರ್. ಇಷ್ಟಾದರೂ ಒಂದು ತೆಳು ಹಳದಿ ಉಳಿದೇ ಉಳಿಯುತ್ತದೆ. ಅದಕ್ಕೆ ಮದ್ದು ಬಿಸಿಲು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಕಲೆ ಇರುವ ಕಡೆಗೆ ಎಳೆ ಬಿಸಿಲು ಬೀಳುವ ಹಾಗೆ ಕೆಲವು ಬೆಳಗ್ಗೆ ಕಾರು ನಿಲ್ಲಿಸಿದರೆ ತಾನಾಗೇ ಮಾಸುತ್ತದೆ. ಕುಂಕುಮದ ಕಥೆ ಬೇರೆ. ಅಂಗಡಿಯ ಕುಂಕುಮದಲ್ಲಿ ಎಷ್ಟೋ ಸಲ ಕೃತಕ ಬಣ್ಣ ಇರುತ್ತದೆ, ಅದಕ್ಕೆ ವಿನೆಗರ್, ಬಿಸಿಲು ಎರಡನ್ನೂ ನಂಬಲಾಗದು. ಒಣಗಿದ್ದಾಗ ಉಜ್ಜದೆ ವ್ಯಾಕ್ಯೂಮ್‌ನಲ್ಲಿ ಎಳೆದರೆ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ. ಒದ್ದೆ ಬಟ್ಟೆ ಮೊದಲು ತಾಗಿಸಿದರೆ ಕೆಟ್ಟಿತು.

ಜೀನ್ಸ್ ನೀಲಿ ನಿಜಕ್ಕೂ ಹಟಮಾರಿ. ಜೀನ್ಸ್‌ಗೆ ಹಾಕುವ ಇಂಡಿಗೋ ಬಣ್ಣ ನೀರಿಗೆ ಕರಗುವುದಿಲ್ಲ, ತಿಕ್ಕಾಟಕ್ಕೆ ಬಿಟ್ಟುಕೊಂಡು ಸೀಟಿಗೆ ಹತ್ತುತ್ತದೆ. ಹೊಸದಾದರೆ ಕ್ಲೀನರ್‌ಗೆ ಬರುತ್ತದೆ. ಹಳೆಯದಾದರೆ ಮೆತ್ತಗೆ ಎರಡು ಮೂರು ಸಲ ಮಾಡಿ, ಬಂದಷ್ಟಕ್ಕೆ ನಿಲ್ಲಿಸಿಬಿಡುತ್ತೇನೆ. ಅಕ್ಕನ ಸೀಟಿನಲ್ಲೂ ಒಂದು ಮಬ್ಬು ನೀಲಿ ಉಳಿಯಿತು, ಇರಲಿ ಬಿಡಿ. ಪೂರ್ತಿ ತೆಗೆಯಲು ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹಚ್ಚಿದರೆ ಕೋಟಿಂಗೇ ಕಿತ್ತು ಬರುತ್ತದೆ. ಮ್ಯಾಜಿಕ್ ಸ್ಪಂಜ್ ಅಂತ ಮಾರುವ ಬಿಳಿ ಸ್ಪಂಜೂ ಬೇಡ, ಅದು ಸಣ್ಣಗೆ ಕೆರೆದು ತೆಗೆಯುವ ವಸ್ತು. ಹ್ಯಾಂಡ್ ಸ್ಯಾನಿಟೈಸರ್ ಕೂಡ ಅಷ್ಟೆ, ಸ್ಟೇರಿಂಗ್ ಲೆದರ್ ಹಾಳಾಗುವುದಕ್ಕೆ ಅದೂ ಒಂದು ಕಾರಣ. ಕೈಗೆ ಹಚ್ಚಿಕೊಂಡರೆ ಒಣಗಿದ ಮೇಲೆ ಸ್ಟೇರಿಂಗ್ ಹಿಡಿಯಿರಿ.

ಅಮ್ಮನ ಸಲಹೆ ಕೊಬ್ಬರಿ ಎಣ್ಣೆ. “ಚರ್ಮ ಅಲ್ವಾ, ಎಣ್ಣೆ ಕುಡಿಯುತ್ತೆ” ಅನ್ನುತ್ತಾರೆ. ಹಳೇ ಕಾಲದ ಚಪ್ಪಲಿಗೆ ಸರಿ. ಕೋಟಿಂಗ್ ಇರುವ ಸೀಟು ಕುಡಿಯುವುದಿಲ್ಲ. ಎಣ್ಣೆ ಮೇಲೆ ಕೂತು ಧೂಳು ಹಿಡಿಯುತ್ತದೆ, ಹೊಲಿಗೆಯಲ್ಲಿ ಇಳಿದು ಕಪ್ಪು ಗೆರೆ ಮಾಡುತ್ತದೆ. ವಾಟರ್ ವಾಶ್‌ನವರು ಕೊನೆಗೆ ಹಚ್ಚುವ ಸಿಲಿಕೋನ್ ಪಾಲಿಶ್ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ಜಾರುತ್ತದೆ, ಸುಮ್ನೆ ಹೊಳೆಯುತ್ತದೆ ಅಷ್ಟೆ.

ನಾನು ಹಚ್ಚುವುದು ನೀರು ಆಧಾರಿತ ಲೆದರ್ ಪ್ರೊಟೆಕ್ಟೆಂಟ್, ಅಂದರೆ ಸೀಟಿನ ಮೇಲೆ ತೆಳು ರಕ್ಷಣೆಯಾಗಿ ಕೂರುವ ದ್ರವ. ಸೀಟು ಪೂರ್ತಿ ಒಣಗಿರಬೇಕು, ಜಿಡ್ಡು ಇರಬಾರದು. ಸ್ಪಂಜ್ ಪ್ಯಾಡ್‌ನಲ್ಲಿ ತೆಳ್ಳಗೆ ಹಚ್ಚಿ, ಒರೆಸಿ, ರಾತ್ರಿಯಿಡೀ ಯಾರೂ ಕೂರದ ಹಾಗೆ ಬಿಡುತ್ತೇನೆ. ಕೂತು ಇಳಿಯುವ ಅಂಚಿನಲ್ಲಿ ಇದು ಬೇಗ ಸವೆಯುತ್ತದೆ. ಆ ಅಂಚಿಗೆ ಎರಡು ಮೂರು ತಿಂಗಳಿಗೊಮ್ಮೆ, ಉಳಿದ ಕಡೆ ಅಷ್ಟು ಬೇಕಾಗಿಲ್ಲ. ಇದು ಕಲೆಯನ್ನು ಪೂರ್ತಿ ತಡೆಯುವುದಿಲ್ಲ, ಕಲೆ ಬಿದ್ದರೆ ಒರೆಸುವುದು ಸುಲಭವಾಗುತ್ತದೆ. ವಾರಕ್ಕೊಮ್ಮೆ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ದೊಡ್ಡ ಕೆಲಸವೇ ಅಪರೂಪ.

“ಹಂಗಾದ್ರೆ ಸೀಟ್ ಕವರ್ ಹಾಕಿಸಿಬಿಡಲಾ?” ಅಂತ ಅಕ್ಕ ಕೇಳಿದಳು. ಬೇಡ ಅಂದೆ. ಅವಳ ಕಾರಿನ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇದೆ, ಅದಕ್ಕೆ ತಕ್ಕಂತೆ ಹೊಲಿಯದ ಕವರ್ ಹಾಕಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಡ್ಡಿಯಾಗಬಹುದು. ಮಳೆಗಾಲದಲ್ಲಿ ಕವರ್ ಅಡಿಯಲ್ಲಿ ತೇವ ಕೂತು ಬೂಷ್ಟು ಬರುವುದೂ ಉಂಟು. ಹೊಸ ಜೀನ್ಸ್ ಹಾಕಿದ ದಿನ ಕೂರುವ ಜಾಗಕ್ಕೆ ಒಂದು ಬಿಳಿ ಟವೆಲ್ ಹಾಸಿಕೋ ಅಂತ ಹೇಳಿದೆ.