ಗೋವಾದ ಹಳೆ ಮನೆ ರಿಪೇರಿ: ಮೊದಲು ನೀರು, ಆಮೇಲೆ ಗೋಡೆ

ಮಡಗಾಂವಿನಲ್ಲಿದ್ದುಕೊಂಡು ನಾನು ಹಳೆ ಮನೆಗಳ ರಿಪೇರಿ ಕೆಲಸ ಮಾಡಿಸುತ್ತೇನೆ. ಊರು ಕುಮಟಾ ಕಡೆ. ನನ್ನ ಜೊತೆಗಿರುವ ಗೌಂಡಿಗಳು, ಆಳುಗಳು ಹೆಚ್ಚಾಗಿ ಬಾದಾಮಿ, ಬಾಗಲಕೋಟೆ, ಗದಗ ಕಡೆಯವರು. ಸೈಟಿನಲ್ಲಿ ಕನ್ನಡ, ಮನೆಯವರ ಜೊತೆ ಕೊಂಕಣಿ, ಅಂಗಡಿಯಲ್ಲಿ ಎರಡೂ ಕಲಸಿದ್ದು. ಫೋನ್ ಮಾಡುವವರೆಲ್ಲ ಮೊದಲು ಕೇಳುವುದು ಒಂದೇ: "ಗೋಡೆ ಒದ್ದೆ ಆಗ್ತಿದೆ, ಯಾವ ಕೆಮಿಕಲ್ ಹೊಡೀಬೇಕು?" ನನ್ನ ಪ್ರಶ್ನೆ ಬೇರೆ. ನೀರು ಎಲ್ಲಿಂದ ಬರ್ತಿದೆ?

ಸಾಷ್ಟಿ ತಾಲೂಕಿನ ಲೋಟಲಿ ಹತ್ತಿರ ಮಾಡಿಸಿದ ಒಂದು ಮನೆಯ ಕೆಲಸವನ್ನೇ ಹೇಳುತ್ತೇನೆ. ಎತ್ತರದ ಪಾಯ, ಮೆಟ್ಟಿಲು ಹತ್ತಿದರೆ ಬಲ್ಕಾಂವ್, ಅಂದರೆ ಎರಡೂ ಕಡೆ ಕಲ್ಲಿನ ಆಸನ ಇರುವ ಜಗಲಿ. ಒಳಗೆ ದೊಡ್ಡ ಹಾಲ್, ಮರದ ಸೀಲಿಂಗ್, ಚಿಪ್ಪಿನ ಕಿಟಕಿ. ಚಾಂದೋರಿನ ಮೆನೆಜೆಸ್ ಬ್ರಾಗಾಂಜಾ ಮನೆಯಂಥ ಅರಮನೆ ಅಲ್ಲ, ಸುಮಾರಾಗಿ ಅನುಕೂಲವಿದ್ದ ಕುಟುಂಬದ ಮನೆ. ಇಲ್ಲಿಯ ಹಿಂದೂ ಮನೆಗಳಾದರೆ ಒಳಗೆ ರಾಜಾಂಗಣ, ನಡುವೆ ತುಳಸಿ ಇರುತ್ತದೆ, ಬದುಕೆಲ್ಲ ಒಳಮುಖ. ಕ್ರಿಶ್ಚಿಯನ್ ಮನೆಗಳು ರಸ್ತೆಗೆ ಮುಖ ಮಾಡಿ ಕೂತಿರುತ್ತವೆ. ಆದರೆ ಕಟ್ಟಿದ ಸಾಮಾನು ಎರಡರಲ್ಲೂ ಒಂದೇ: ಚಿರೆಕಲ್ಲು (ಜಂಬಿಟ್ಟಿಗೆ), ಕೆಂಪು ಮಣ್ಣು, ಸುಣ್ಣ, ಮರ, ಹಂಚು.

ಆ ಮನೆಯಲ್ಲಿ ಈಗ ಇರುವುದು ವಯಸ್ಸಾದ ತಾಯಿ ಮತ್ತು ಒಬ್ಬ ಮಗ. ನಾವೆಲ್ಲ ಅವರನ್ನು ಆಂಟಿ ಅಂತಲೇ ಕರೆಯುತ್ತಿದ್ದೆವು. ಕೆಲಸ ಶುರುವಾಗುವ ಮೊದಲು ಪಾಲುದಾರರ ಒಪ್ಪಿಗೆ ಬೇಕಿತ್ತು. ಗೋವಾದಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನ ಕಾಲದಿಂದಲೂ ಆಸ್ತಿಯಲ್ಲಿ ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಪಾಲು. ಒಳ್ಳೆಯದೇ. ಆದರೆ ಮೂರು ತಲೆಮಾರು ಕಳೆಯುವಷ್ಟರಲ್ಲಿ ಒಬ್ಬರು ಲಿಸ್ಬನ್, ಒಬ್ಬರು ಲಂಡನ್, ಒಬ್ಬರು ಬಾಂದ್ರಾ. ಮಾಡು, ಅಂದರೆ ಛಾವಣಿ, ಸೋರುತ್ತಿದೆ ಎಂದರೆ ಯಾರು ದುಡ್ಡು ಹಾಕಬೇಕು? ಇಲ್ಲಿ ಬಿದ್ದು ಹೋದ ಎಷ್ಟೋ ಮನೆಗಳನ್ನು ಕೆಡವಿದ್ದು ಮಳೆಗಿಂತ ಜಾಸ್ತಿ ಈ ಪ್ರಶ್ನೆ. ಆಂಟಿಯ ಪುಣ್ಯ, ಎಲ್ಲರೂ ಸಹಿ ಹಾಕಿ ಕಳಿಸಿದರು. ಪಂಚಾಯತ್ ಅನುಮತಿಯೂ ಸಿಕ್ಕಿತು.

ದೂರು ಇದ್ದದ್ದು ಹಾಲಿನ ಪಡುವಣ ಗೋಡೆಯದು. ಸೊಂಟದ ಎತ್ತರದವರೆಗೆ ಹಿಂದೆ ಯಾರೋ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಹೊಳಪಿನ ಪೇಂಟ್ ಹೊಡೆಸಿದ್ದರು. ಸಿಮೆಂಟ್ ಗಟ್ಟಿಯಾಗೇ ಇತ್ತು. ಸೊಂಟದ ಎತ್ತರದಿಂದ ಮೇಲಕ್ಕಿದ್ದ ಹಳೆ ಸುಣ್ಣದ ಗಾರೆ ಉಬ್ಬಿ, ಬಿಳಿ ಉಪ್ಪು ಕಾರಿ, ಕೈಯಿಟ್ಟರೆ ಪುಡಿಪುಡಿ ಉದುರುತ್ತಿತ್ತು. ಮನೆಯವರಿಗೆ ಅನ್ನಿಸಿದ್ದು, ಸಿಮೆಂಟ್ ಇದ್ದ ಕಡೆ ಚೆನ್ನಾಗಿದೆ, ಸುಣ್ಣ ಇದ್ದ ಕಡೆ ಹಾಳಾಗಿದೆ, ಹಾಗಾದರೆ ಪೂರ್ತಿ ಸಿಮೆಂಟ್ ಮಾಡಿಸೋಣ ಅಂತ. ನೋಡಿದವರಿಗೆ ಹಾಗೇ ಕಾಣುತ್ತದೆ, ಅಲ್ವಾ?

ನಡೆಯುವುದು ಇಷ್ಟು. ಚಿರೆಕಲ್ಲು ತೂತು ತೂತಾದ ಕಲ್ಲು, ನೀರು ಕುಡಿಯುತ್ತದೆ. ಹಳೆ ಗೋಡೆಗಳನ್ನು ಎರಡಡಿ, ಕೆಲವೊಮ್ಮೆ ಅದಕ್ಕೂ ದಪ್ಪ, ಬರೀ ಮಣ್ಣಿನ ಗಾರೆಯಲ್ಲಿ ಕಟ್ಟಿರುತ್ತಾರೆ. ಮಳೆಗಾಲದಲ್ಲಿ ನೆಲದಿಂದ ತೇವ ಏರುತ್ತದೆ, ಸುಣ್ಣದ ಮೈಯಿಂದ ಆರಿ ಹೋಗುತ್ತದೆ. ವರ್ಷವರ್ಷವೂ ಒದ್ದೆಯಾಗಿ ಒಣಗುವುದೇ ಆ ಗೋಡೆಯ ರೂಢಿ. ಸಿಮೆಂಟ್ ಹಾಕಿದರೆ ಆರುವ ದಾರಿ ಮುಚ್ಚಿತು. ತೇವ ಇನ್ನೂ ಮೇಲೆ ಹತ್ತಿ ಸಿಮೆಂಟ್ ಮುಗಿದ ಗೆರೆಯ ಮೇಲೆ ಹೊರಬರುತ್ತದೆ. ನೀರು ಆರುತ್ತದೆ, ಅದರಲ್ಲಿದ್ದ ಉಪ್ಪು ಅಲ್ಲೇ ಹರಳುಗಟ್ಟಿ ಗಾರೆಯನ್ನು ಒಡೆಯುತ್ತದೆ. ಸಿಮೆಂಟ್ ಹಿಂದಿನ ಕಲ್ಲಂತೂ ಒಳಗೊಳಗೇ ಮೆತ್ತಗಾಗುತ್ತಿರುತ್ತದೆ. ನಾವು ಆ ಸಿಮೆಂಟ್ ಕಿತ್ತಾಗ ಹಲಗೆ ಹಲಗೆಯಾಗಿ ಬಂತು, ಕಲ್ಲಿನ ಮುಖವನ್ನೂ ಕಿತ್ತುಕೊಂಡೇ ಬಂತು. ಕೆಲವು ಕಲ್ಲಿಗೆ ಬೆರಳು ಹಾಕಿದರೆ ಒಳಗೆ ಹೋಗುತ್ತಿತ್ತು.

ಸುಣ್ಣದ ಹೊದಿಕೆ ಇಲ್ಲದೆ ಚಿರೆಕಲ್ಲು ಮಳೆಗೆ ನಿಂತರೆ ಏನಾಗುತ್ತದೆ ಎಂದು ನೋಡಲು ಹಳೆ ಗೋವಾಕ್ಕೆ ಹೋಗಬಹುದು. 1605ರಲ್ಲಿ ಪ್ರತಿಷ್ಠೆಯಾದ ಬೊಮ್ ಜೀಸಸ್ ಬೆಸಿಲಿಕಾ ಕೆಂಪು ಕಲ್ಲಿನಲ್ಲಿ ಚಂದ ಕಾಣುತ್ತದೆ, ಎಲ್ಲರೂ ಫೋಟೋ ತೆಗೆಯುತ್ತಾರೆ. ಅದು ಮೊದಲು ಹಾಗಿರಲಿಲ್ಲ. ಹೊರಗಿನ ಸುಣ್ಣದ ಗಾರೆಯನ್ನು 1950ರ ದಶಕದಲ್ಲಿ, ಪೋರ್ಚುಗೀಸರ ಆಡಳಿತದಲ್ಲೇ, ಕೆರೆದು ತೆಗೆದರು. ಅಂದಿನಿಂದ ಕಲ್ಲು ಸವೆಯುತ್ತಲೇ ಇದೆ, ಮತ್ತೆ ಗಾರೆ ಹಾಕಬೇಕೇ ಬೇಡವೇ ಎಂಬ ಚರ್ಚೆಯೂ ನಡೆಯುತ್ತಲೇ ಇದೆ. ರಸ್ತೆ ದಾಟಿದರೆ ಸೇ ಕ್ಯಾಥೆಡ್ರಲ್ ಬೆಳ್ಳಗೆ ಗಾರೆ ಹೊದ್ದು ನಿಂತಿದೆ. ಹೊಸ ಗಿರಾಕಿಗಳಿಗೆ ಇವೆರಡನ್ನೂ ಒಮ್ಮೆ ನೋಡಿಕೊಂಡು ಬನ್ನಿ ಅನ್ನುತ್ತೇನೆ. ನನ್ನ ಅರ್ಧ ಮಾತು ಉಳಿಯುತ್ತದೆ.

ಆದರೂ ಗೋಡೆಗೆ ಕೈ ಹಾಕುವುದು ಕೊನೆಗೆ. ಮೊದಲು ಮಾಡಿನ ಕೆಲಸ.

ಪಣಜಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಮಾಡಿನ ಕೆಲಸ ಮೇ ಮಧ್ಯದೊಳಗೆ ಮುಗಿಯಲೇಬೇಕು. ಹಂಚೆಲ್ಲ ಇಳಿಸಿ, ಪಾಚಿ ಉಜ್ಜಿ, ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿದೆವು. ಠಣ್ ಅಂದರೆ ಇಟ್ಟುಕೊಳ್ಳುವುದು, ಬೊದ್ ಅಂದರೆ ಬಿರುಕಿದೆ ಅಂತ ಲೆಕ್ಕ. ಇವೆಲ್ಲ ಮಂಗಳೂರು ಹಂಚುಗಳು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯುದ್ದಕ್ಕೂ ಹಬ್ಬಿದ್ದು. ಅದಕ್ಕೂ ಹಿಂದೆ ಅರ್ಧ ಕೊಳವೆಯಂಥ ನಾಡಹಂಚು ಇತ್ತು, ಈ ಮನೆಯ ಕಟ್ಟಿಗೆ ಕೊಟ್ಟಿಗೆಯ ಮೇಲೆ ಇನ್ನೂ ಉಳಿದಿತ್ತು. ಹಂಚು ಇಳಿಸುವಾಗ ಬೆನ್ನಿನ ಮೇಲಿನ ಕಾರ್ಖಾನೆ ಮುದ್ರೆ ನೋಡಿ ಬೇರೆ ಬೇರೆ ರಾಶಿ ಹಾಕಿಸಿ. ನೋಡಲು ಎಲ್ಲ ಒಂದೇ, ಆದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ಕೂದಲೆಳೆ ಹೆಚ್ಚುಕಡಿಮೆ ಇರುತ್ತದೆ. ಒಂದೇ ಸಾಲಿನಲ್ಲಿ ಬೆರೆಸಿದರೆ ಒಂದರ ಕಿವಿ ಇನ್ನೊಂದರಲ್ಲಿ ಕೂರುವುದಿಲ್ಲ, ಗಾಳಿಮಳೆ ಅಲ್ಲೇ ಒಳನುಗ್ಗುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಕಡಿಮೆ ಬಿದ್ದದ್ದನ್ನು ಕೆಡವಿದ ಮನೆಗಳಿಂದ ತಂದೆವು.

ಪಕಾಸುಗಳಲ್ಲಿ, ಅಂದರೆ ಮಾಡಿನ ಓರೆ ಮರಗಳಲ್ಲಿ, ಹುಳುಕು ಇದ್ದದ್ದು ತುದಿಯಲ್ಲಿ, ಗೋಡೆಯೊಳಗೆ ಹೂತ ಜಾಗದಲ್ಲಿ. ಪೂರ್ತಿ ಬದಲಿಸುವ ಅಗತ್ಯ ಇರಲಿಲ್ಲ. ಕೊಳೆತಷ್ಟು ಕತ್ತರಿಸಿ ಹಳೆ ಮತ್ತಿ ಮರದ ತುಂಡು ಜೋಡಿಸಿದರು ನಮ್ಮ ಬಡಗಿ. ಅಡುಗೆಮನೆಯ ಮೇಲಿನ ಮರ ಮಾತ್ರ ಮಸಿ ಹಿಡಿದು ಕರ್ರಗೆ ಗಟ್ಟಿಯಾಗಿತ್ತು. ಕಟ್ಟಿಗೆ ಒಲೆಯ ಹೊಗೆ ತಿಂದ ಮರಕ್ಕೆ ಗೆದ್ದಲು ಹೋಗುವುದಿಲ್ಲ ಅಂತ ನಮ್ಮ ಅಜ್ಜಿಯೂ ಹೇಳುತ್ತಿದ್ದಳು.

ಈಗ ಊರೂರಿನಲ್ಲಿ ಹಂಚಿನ ಮೇಲೆ ಇನ್ನೊಂದು ತಗಡಿನ ಶೀಟ್ ಚಪ್ಪರ ಹಾಕಿಸುತ್ತಾರೆ. ಸೋರುವುದು ನಿಲ್ಲುತ್ತದೆ, ಒಪ್ಪುತ್ತೇನೆ. ಆದರೆ ಶೀಟಿನ ನೀರು ಒಂದೇ ಕಡೆ ಧೋ ಅಂತ ಸುರಿದು ಪಾಯ ಕೊರೆಯುತ್ತದೆ. ಮೊದಲೆಲ್ಲ ಮಳೆಗಾಲಕ್ಕೆ ಪಡುವಣ ಗೋಡೆಗೆ ಹೆಣೆದ ತೆಂಗಿನ ಮಡಲು ಕಟ್ಟುತ್ತಿದ್ದರು. ನಮ್ಮ ಕುಮಟಾದಲ್ಲೂ ಹಾಗೇ. ಆಂಟಿಗೆ ಅದು ನೆನಪಿತ್ತು, ಆದರೆ ಮಡಲು ಹೆಣೆಯುವವರು ಎಲ್ಲಿದ್ದಾರೆ?

ಎರಡನೆಯದು ಹೊರಗಿನ ನೀರು. ಗೋವಾದ ಹಳೆಯ ಊರುಗಳು ಕೂತ ಜಾಗ ನೋಡಿ. ಮೇಲೆ ಸಡಾ (ಚಿರೆಕಲ್ಲಿನ ಬೋಳು ಬಯಲು), ಕೆಳಗೆ ಹೊಳೆಯಂಚಿನ ಖಾಜನ್ ಗದ್ದೆ, ನಡುವಿನ ಇಳಿಜಾರಿನಲ್ಲಿ ಮನೆಗಳು, ತೆಂಗು, ಹಲಸು. ಸಡಾದ ಮೇಲೆ ಬಿದ್ದ ಮಳೆ ಕಲ್ಲಿನೊಳಗೆ ಇಂಗಿ ಬುಡದಲ್ಲಿ ಒರತೆಯಾಗಿ, ಬಾವಿಗಳಿಗೆ ಬರುತ್ತದೆ. ಖಾಜನ್ ಅಂದರೆ ನಮ್ಮ ಅಘನಾಶಿನಿ ದಂಡೆಯ ಗಜನಿ ಇದ್ದಂತೆಯೇ: ಒಡ್ಡು ಕಟ್ಟಿ, ತೂಬಿನ ಬಾಗಿಲಿಟ್ಟು ಉಬ್ಬರದ ಉಪ್ಪುನೀರು ತಡೆದು ಮಾಡಿಕೊಂಡ ನೆಲ. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್. ಮನೆ ಕಟ್ಟಿದ ಹಿರಿಯರು ಮೇಲಿನ ನೀರು ಕೆಳಗಿನ ಗದ್ದೆಗೆ ಹೋಗುವ ದಾರಿ ಬಿಟ್ಟೇ ಪಾಯ ಹಾಕಿದ್ದರು.

ಈ ಮನೆಯ ಹಿಂದೆ, ಮೇಲ್ಗಡೆ, ಗುಡ್ಡದ ಸೆರಗು ಕತ್ತರಿಸಿ ಯಾರೋ ಹೊಸ ವಿಲ್ಲಾ ಕಟ್ಟಿಸಿದ್ದರು. ಗುಡ್ಡ ಕಡಿಯಲು ನಗರ ಯೋಜನಾ ಇಲಾಖೆಯ ಅನುಮತಿ ಬೇಕು, ಅದು ಇತ್ತೋ ಇಲ್ಲವೋ ನಾನು ಕೇಳಲು ಹೋಗಲಿಲ್ಲ. ಅವರ ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್. ಇಂಗಬೇಕಾದ ನೀರು ಸೀದಾ ಆಂಟಿಯ ಹಿತ್ತಿಲಿಗೆ. ಜೊತೆಗೆ ಇವರ ಹಿತ್ತಿಲಿನ ಹಳೆ ಚರಂಡಿ ಎಲೆ, ಮಣ್ಣು ತುಂಬಿ ಮುಚ್ಚಿಯೇ ಹೋಗಿತ್ತು. ಅದನ್ನು ಅಗೆಸಿದೆವು. ಗೋಡೆಗೆ ತಾಗಿ ಏರಿದ್ದ ಮಣ್ಣು ತೆಗೆಸಿ, ಅಂಗಳವನ್ನು ಪಾಯದಿಂದ ಹೊರಗೆ ಇಳಿಜಾರು ಮಾಡಿಸಿದೆವು. ಗೋಡೆಯ ಕಾಯಿಲೆಗೆ ಅರ್ಧ ಮದ್ದು ಇದೇ. ಇದಕ್ಕೆ ಬೇಕಿದ್ದದ್ದು ಗುದ್ದಲಿ, ಬುಟ್ಟಿ ಅಷ್ಟೇ, ಯಾವ ಕೆಮಿಕಲ್ಲೂ ಅಲ್ಲ.

ಆಮೇಲೆ ಗೋಡೆ. ಸಿಮೆಂಟ್ ಕಿತ್ತ ಮೇಲೆ ಒಂದು ಮಳೆಗಾಲ ಹಾಗೇ ಬಿಡಿಸಿದೆ. ಮಗನಿಗೆ ಬೇಜಾರು, ಮನೆಗೆ ಬಂದವರೆಲ್ಲ ಏನಿದು ಅಂತ ಕೇಳುತ್ತಾರೆ ಅಂತ. ಹೊರಬಂದ ಉಪ್ಪನ್ನು ಒಣ ಬ್ರಶ್‌ನಿಂದ ಗುಡಿಸಿ ಮೊರದಲ್ಲಿ ಹಿಡಿದು ಹೊರಗೆ ಚೆಲ್ಲಬೇಕು. ನೀರು ಹಾಕಿ ತೊಳೆದರೆ ಅದೇ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಮೆತ್ತಗಾದ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ ಬೇರೆ ಕಲ್ಲು ಕೂರಿಸಿದರು. ಚಿರೆಕಲ್ಲು ಕಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಷ್ಟೂ ಗಟ್ಟಿ. ಹೊಸ ಕಲ್ಲು ತಂದ ದಿನವೇ ಗೋಡೆಗೆ ಹಾಕಲು ನಾನು ಬಿಡುವುದಿಲ್ಲ.

ಸುಣ್ಣವನ್ನು ನಾವೇ ಅರಳಿಸಿದೆವು. ಡ್ರಮ್ಮಿಗೆ ಮೊದಲು ನೀರು, ಆಮೇಲೆ ಸುಟ್ಟ ಸುಣ್ಣದ ಕಲ್ಲು, ಸ್ವಲ್ಪ ಸ್ವಲ್ಪವಾಗಿ. ಕಲ್ಲಿನ ಮೇಲೆ ನೀರು ಸುರಿಯಲೇಬಾರದು, ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಲಿಲ್ಲ. ಕಲ್ಲು ಬಿದ್ದ ಕೂಡಲೆ ಸುಂಯ್ ಅಂತ ಶುರುವಾಗಿ, ಬಿರಿದು, ಕೊತಕೊತ ಕುದಿದು ಹಬೆ ಏಳುತ್ತದೆ. ಉದ್ದ ಕೋಲಿನಿಂದ ತಿರುವುತ್ತಲೇ ಇರಬೇಕು. ತಣ್ಣಗಾದ ಮೇಲೆ ಜಾಲರಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟೆವು. ವಾರಗಟ್ಟಲೆ ಕಳೆದ ಮೇಲೆ ಅದು ಗಟ್ಟಿ ಮೊಸರಿನ ಹಾಗೆ ಆಗುತ್ತದೆ. ಕರಣೆಯಲ್ಲಿ ತೆಗೆದು ಬೋರಲು ಹಿಡಿದರೂ ಬೀಳಬಾರದು.

ನಮ್ಮ ಹಿರಿ ಗೌಂಡಿಗೆ ಇದೆಲ್ಲ ಹೊಸದಲ್ಲ, ಬಾದಾಮಿ ಕಡೆ ಅವರ ಅಪ್ಪ ಗಾರೆ ಅರೆಯುವುದನ್ನು ಕಂಡವರು. ಆದರೂ ತಡೆಯಲಾರದೆ ಕೇಳಿದರು: "ಅಲ್ರೀ ಸರ, ಸಿಮೆಂಟ್ ಆಗಿದ್ರ ಇಷ್ಟೊತ್ತಿಗೆ ಮುಂದಿನ ಸೈಟಿಗೆ ಹೋಗಿರತಿದ್ವಿ ನೋಡ್ರಿ."

"ಕಾಕಾ, ಆ ಸಿಮೆಂಟ್ ಕೀಳಾಕ ನಿಮಗ ಎಷ್ಟು ದಿನ ಹಿಡೀತು?"

"ಅದೂ ಖರೇನ ಬಿಡ್ರಿ," ಅಂದು ಸಲಿಕೆ ತೆಗೆದುಕೊಂಡರು.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಹೊಳೆ ಮರಳು. ಬುಡದ ತೇವದ ಭಾಗಕ್ಕೆ ಮರಳಿನಲ್ಲಿ ಸ್ವಲ್ಪ ಕಡಿಮೆ ಮಾಡಿ ಸುರ್ಕಿ, ಅಂದರೆ ಇಟ್ಟಿಗೆ ಪುಡಿ ಸೇರಿಸಿದೆವು. ಅದರಿಂದ ಗಾರೆ ಒದ್ದೆಯಲ್ಲೂ ಹಿಡಿದುಕೊಳ್ಳುತ್ತದೆ. ಕಾಕಾ ಬೆಲ್ಲದ ನೀರು ಬೇಕೇ ಬೇಕು ಅಂದರು, ಇರುವೆ ಬರುತ್ತವೆ ಅಂತ ಆಂಟಿಗೆ ಹೆದರಿಕೆ. ಒಂದಿಷ್ಟು ಹಾಕಿದೆವು, ಇರುವೆ ಬರಲಿಲ್ಲ. ಗೋಡೆಯನ್ನು ಚೆನ್ನಾಗಿ ನೆನೆಸಿ, ಮೊದಲ ಪದರವನ್ನು ಕರಣೆಯಿಂದ ಎಸೆದು ಹೊಡೆದರು. ಒಂದು ಪದರ ಅರ್ಧ ಇಂಚು ಮೀರಬಾರದು, ಅದು ಗಟ್ಟಿಯಾಗದೆ ಇನ್ನೊಂದು ಇಲ್ಲ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲಾಮ್ಲವನ್ನು ಮೆಲ್ಲಗೆ ಹೀರಿಕೊಂಡು, ಮತ್ತೆ ಕಲ್ಲಾಗುವುದರಿಂದ. ಅವಸರ ಮಾಡಿಸಲು ಆಗುವುದಿಲ್ಲ. ಬಿಸಿಲಿಗೆ ಬೇಗ ಒಣಗಿದರೆ ಬಿರುಕು, ಅದಕ್ಕೆ ಗೋಣಿತಾಟು ಒದ್ದೆ ಮಾಡಿ ಇಳಿಬಿಟ್ಟೆವು. ಮಳೆ ಹೋದ ಮೇಲೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಇದಕ್ಕೆ ಒಳ್ಳೆ ಕಾಲ. ಬಣ್ಣಕ್ಕೂ ಸುಣ್ಣವೇ, ತೆಳ್ಳಗೆ ಹಲವು ಕೈ. ಇಲ್ಲಿ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಇಷ್ಟೆಲ್ಲ ಮಾಡಿದ್ದು ಸುಮ್ನೆ.

ಕಿಟಕಿಯ ಮಾತು ಸಣ್ಣದು. ಗಾಜು ದುಬಾರಿ ಇದ್ದ ಕಾಲದಲ್ಲಿ ಮರದ ಪಟ್ಟಿಗಳ ನಡುವೆ ತೆಳ್ಳನೆಯ ಚಪ್ಪಟೆ ಚಿಪ್ಪುಗಳನ್ನು ಚೌಕಾಕಾರಕ್ಕೆ ಕತ್ತರಿಸಿ ಸಿಕ್ಕಿಸುತ್ತಿದ್ದರು. ಬೆಳಕು ಬರುತ್ತದೆ, ಕಣ್ಣು ಕುಕ್ಕುವುದಿಲ್ಲ. ಜುವಾರಿ ನದಿಯ ಚಿಕಾಲಿ ಕೊಲ್ಲಿಯಲ್ಲಿ ಈ ಚಿಪ್ಪು ಇನ್ನೂ ಬದುಕಿದೆ, ಆದರೆ ಅದಕ್ಕೆ ವನ್ಯಜೀವಿ ಕಾನೂನಿನ ರಕ್ಷಣೆ ಇದೆ, ತೆಗೆಯುವಂತಿಲ್ಲ. ಕೆಡವಿದ ಮನೆಯ ಕಿಟಕಿಯಿಂದಲೇ ತರಬೇಕು. ಹಳೆ ಚಿಪ್ಪಿಗೆ ಸೋಪು, ಆ್ಯಸಿಡ್ ಏನೂ ಬೇಡ, ಒದ್ದೆ ಬಟ್ಟೆ ಸಾಕು. ಪದರ ಬಿಟ್ಟುಕೊಂಡ ಚಿಪ್ಪನ್ನು ಅಂಟು ಹಾಕಿ ಉಳಿಸಲು ಹೋಗಬೇಡಿ, ಹಳದಿಯಾಗುತ್ತದೆ. ಇಂಥ ಕಿಟಕಿ, ಬಾಗಿಲು, ಕಂಬಗಳನ್ನು ಕಣ್ತುಂಬ ನೋಡಬೇಕೆಂದರೆ ಪರ್ವರಿ ಹತ್ತಿರ ತೋರ್ಡಾದಲ್ಲಿ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಮಾಡಿದ 'ಹೌಸಸ್ ಆಫ್ ಗೋವಾ' ಮ್ಯೂಸಿಯಂ ಇದೆ. ನಮ್ಮ ಬಡಗಿಯನ್ನು ಕರೆದುಕೊಂಡು ಹೋಗಿದ್ದೆ. ಅವನು ನೋಡಿದ್ದೆಲ್ಲ ಕೀಲು, ಬೆಸುಗೆ ಮಾತ್ರ.

ಅಲ್ಲಿಂದ ಈಚೆಗೆ ಮಳೆಗಾಲ ಕಳೆದಿದೆ. ಪಡುವಣ ಗೋಡೆ ಜುಲೈಯಲ್ಲಿ ಬುಡದಲ್ಲಿ ಒಂದು ಗೇಣು ಕಪ್ಪಾಯಿತು, ನವೆಂಬರ್‌ಗೆ ಒಣಗಿತು. ಆಂಟಿಗೆ ಅಷ್ಟಕ್ಕೇ ಗಾಬರಿಯಾಗಿ ಫೋನ್ ಮಾಡಿದ್ದರು, ಅದು ಸಹಜ ಅಂತ ಹೇಳಿ ಸಮಾಧಾನ ಮಾಡಿದೆ. ಈಗ ಮಗನಿಗೆ ಮಲಗುವ ಕೋಣೆಗೆ ಎಸಿ ಬೇಕಂತೆ. ಹಾಕಿಸಲಿ, ಮೇ ತಿಂಗಳ ಸೆಕೆ ಯಾರಿಗೆ ಗೊತ್ತಿಲ್ಲ. ಎಸಿಯ ನೀರಿನ ಪೈಪು ಗೋಡೆ ಬುಡದಲ್ಲಿ ಇಳಿಯಬಾರದು, ಅಂಗಳ ದಾಟಿ ಚರಂಡಿಗೇ ಹೋಗಬೇಕು ಅಂತ ಷರತ್ತು ಹಾಕಿದ್ದೇನೆ. ಮೆಕ್ಯಾನಿಕ್ ಇನ್ನೂ ಒಪ್ಪಿಲ್ಲ, ಅಷ್ಟು ಉದ್ದ ಪೈಪು ಯಾಕೆ ಅಂತ ಕೇಳುತ್ತಿದ್ದಾನೆ.