ಅಕ್ಷರವಿಲ್ಲದ ಪುಸ್ತಕ ಮತ್ತು ಕೊಡೆ ಒಯ್ದ ಹುಡುಗ: ನನ್ನ ಅನುಭವ

ಅಕ್ಷರಗಳೇ ಇಲ್ಲದ ಚಿತ್ರಪುಸ್ತಕದಿಂದ ಮಕ್ಕಳಿಗೆ ನೀತಿ ಕಲಿಸಬಹುದೆಂದು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ನಾನು ಹೇಳಿದಾಗ ನಕ್ಕವರೇ ಹೆಚ್ಚು. "ಓದಲು ಏನೂ ಇಲ್ಲದ ಮೇಲೆ ಪಾಠವೆಲ್ಲಿ ಬಂತು ಮೇಡಂ?" ಎಂದಿದ್ದ ಹಿರಿಯರೊಬ್ಬರು ಈ ವರ್ಷ ನನ್ನಿಂದಲೇ ನಾಲ್ಕು ಪುಸ್ತಕ ಒಯ್ದಿದ್ದಾರೆ, ಇನ್ನೂ ಹಿಂದಿರುಗಿಸಿಲ್ಲ.

ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕಲಿಯುವ, ಮೂಡಿಗೆರೆ ಕಡೆಯ ನಮ್ಮ ನಲಿ-ಕಲಿ ತರಗತಿಗೆ ಕಾಫಿತೋಟದ ಲೈನುಮನೆಗಳಿಂದ ತಮಿಳು, ತುಳು, ಅಸ್ಸಾಮಿ ಆಡುವ ಮಕ್ಕಳು ವರ್ಷದ ನಡುವೆಯೂ ಬಂದು ಸೇರುವುದರಿಂದ, ಹೇಳಿದ ಕಥೆ ಅರ್ಧ ತರಗತಿಗೆ ತಲುಪುತ್ತಲೇ ಇರಲಿಲ್ಲ. ಮೊದಲ ವರ್ಷ ಕೈಯಿಂದ ಸುಮಾರು 700 ರೂಪಾಯಿ ಹಾಕಿ ಹನ್ನೆರಡೋ ಹದಿಮೂರೋ ಪುಸ್ತಕ ತಂದೆ. ಶ್ರಾವಣದ ಹೊತ್ತಿಗೆ ಅವೆಲ್ಲ ಬೂಷ್ಟು ಹಿಡಿದು ಅಂಟಿಕೊಂಡವು. ಅದಕ್ಕಿಂತ ದೊಡ್ಡ ಸೋಲು ನನ್ನದೇ ಪ್ರಶ್ನೆಯದು: "ಈ ಕಥೆಯ ನೀತಿಯೇನು?" ಎಂದು ಕೇಳಿದರೆ, ಕೊಚ್ಚೆ ದಾಟುವ ಬಾತುಕೋಳಿಯ ಪುಸ್ತಕಕ್ಕೂ ಮಕ್ಕಳು ಒಕ್ಕೊರಲಿನಿಂದ "ಸುಳ್ಳು ಹೇಳಬಾರದು" ಎನ್ನುತ್ತಿದ್ದರು.

ಆಮೇಲೆ ನಾನೇ ಹನ್ನೆರಡು ಹಾಳೆಯ ಚಿತ್ರಪುಸ್ತಕ ಬರೆದೆ: ಬಸ್ ತಂಗುದಾಣದಲ್ಲಿದ್ದ ಯಾರದೋ ಕೊಡೆಯನ್ನು ಹುಡುಗನೊಬ್ಬ ಎತ್ತಿಕೊಂಡು ಹೋಗುತ್ತಾನೆ, ಕಡೆಗೆ ತಂದಿಡುತ್ತಾನೆ. ಲ್ಯಾಮಿನೇಷನ್‌ಗೆ 300 ರೂಪಾಯಿಯ ಆಸುಪಾಸು ಆಯಿತು. ದರ್ಜಿಯ ಬಳಿ ಹೊಲಿಸಿದ್ದು ಅಂಚೆಚೀಟಿಯ ಅಂಚಿನಂತೆ ಹರಿದುಹೋಯಿತು; ಉಳಿದದ್ದು ರಿಂಗ್ ಹಾಕಿದ ಪ್ರತಿ ಮಾತ್ರ. ಕೊನೆಯ ಎರಡು ಪುಟಗಳಿಗೆ ಕ್ಲಿಪ್ ಹಾಕಿ, "ತಪ್ಪು ಯಾರದು?" ಎನ್ನುವ ಬದಲು "ಈಗ ಯಾರು ನೆನೆಯುತ್ತಿದ್ದಾರೆ?" ಎಂದಷ್ಟೇ ಕೇಳಿ ಸುಮ್ಮನಾದೆ. ಎಷ್ಟು ಹೊತ್ತು ಸುಮ್ಮನಿರಬೇಕು, ಯಾವ ಪುಟದಲ್ಲಿ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ಎರಡು ಮಳೆಗಾಲ ತೆತ್ತಿದ್ದೇನೆ.

ಎರಡನೆಯ ತರಗತಿಯ ಹುಡುಗಿಯೊಬ್ಬಳು, ಜಾಗ ತುಂಬಲೆಂದು ನಾನು ಪುಟದ ಮೂಲೆಯಲ್ಲಿ ಬರೆದಿದ್ದ ಅಜ್ಜಿಯ ಮೇಲೆ ಬೆರಳಿಟ್ಟಳು. ಕನ್ನಡ ಬಾರದ ಅಸ್ಸಾಮಿನ ಹುಡುಗ ಎದ್ದು, ಮೂಲೆಯಲ್ಲಿದ್ದ ನನ್ನ ಕೊಡೆಯನ್ನು ತಂದು ಬಿಚ್ಚಿ, ಆ ಚಿತ್ರದ ಮೇಲೆ ಹಿಡಿದ. ಕಥೆಯ ಹುಡುಗ ಕೊಡೆ ಒಯ್ದದ್ದು ತಂಗಿಗಾಗಿ, ಹಾಗಿದ್ದರೂ ಅದು ಕಳ್ಳತನವೇ ಎಂಬ ಜಗಳ ಮೂರು ದಿನ ನಡೆಯಿತು. ಒಂದೇ ಒಂದು ಸಲವೂ ನಾನು ತೀರ್ಪು ಕೊಡಲಿಲ್ಲ.

ಒಮ್ಮೆ ರಿಂಗ್ ಬಿಚ್ಚಿಹೋದಾಗ ಕುತೂಹಲಕ್ಕೆ ಹಾಳೆಗಳನ್ನು ಹಿಂದುಮುಂದು ಮಾಡಿ ಪೋಣಿಸಿ ತೋರಿಸಿದೆ. ಕಥೆಯ ಅದೇ ಹುಡುಗ ಈಗ ಅಜ್ಜಿಗೆಂದು ತನ್ನ ಕೊಡೆಯನ್ನು ಬಿಟ್ಟು, ನೆನೆಯುತ್ತ ಮನೆಗೆ ಹೋಗುವವನಾಗಿ ಕಂಡ. ಮೂರನೆಯ ತರಗತಿಯವರು ಮೋಸವನ್ನು ಕೂಡಲೇ ಹಿಡಿದರು. ಚಿಕ್ಕವರು ಮಾತ್ರ, ನಿನ್ನೆ ಬೈದದ್ದಕ್ಕೆ ಅವನಿಗೆ "ಸಾರಿ" ಹೇಳಿದರು.