ಸತು ಬೆರೆಸಿದ ಬಿಲ್ಲೆಯ ಮೇಲೆ ಅಯಸ್ಕಾಂತ ತೇಲಲಿಲ್ಲ

ಶಿರಸಿಯ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಹಪ್ಪಳ ಮೆತ್ತಗಾಗುತ್ತದೆ. ನನ್ನ ಮೊದಲ ಅತಿವಾಹಕ (ತೀರಾ ತಣಿಸಿದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತು) ಬಿಲ್ಲೆಯನ್ನೂ ತೇವವೇ ತಿಂದಿತು. ಕಪ್ಪಗೆ, ಗಟ್ಟಿಯಾಗಿ ಬಂದಿದ್ದ ಬಿಲ್ಲೆಯನ್ನು ಕಾಲೇಜಿನ ಲ್ಯಾಬಿನಲ್ಲಿ ಸುಮ್ನೆ ಮೇಜಿನ ಮೇಲೆ ಬಿಟ್ಟಿದ್ದೆ. ಕೆಲವು ವಾರ ಕಳೆದು ನೋಡಿದರೆ ಮೇಲೆಲ್ಲ ಬಿಳಿ ಪುಡಿ. ತೇವ ಬಿಲ್ಲೆಯೊಳಗಿನ ಬೇರಿಯಂ ಅನ್ನು ಹೊರಗೆಳೆದು ಕಾರ್ಬೊನೇಟ್ ಮಾಡಿಬಿಡುತ್ತದೆ. ಅಂದಿನಿಂದ ಬಿಲ್ಲೆಗಳೆಲ್ಲ ಸಿಲಿಕಾ ಜೆಲ್ ಹಾಕಿದ ಗಾಜಿನ ಜಾಡಿಯಲ್ಲೇ ಇರುತ್ತವೆ. ಜೆಲ್‌ನ ನೀಲಿ ಹರಳು ಗುಲಾಬಿಯಾದರೆ ತೆಗೆದು ಬಿಸಿ ಮಾಡಿ ಮತ್ತೆ ಹಾಕುತ್ತೇನೆ.

ಈ ಬಿಲ್ಲೆ ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ವಸ್ತುವಿನದು. 1987ರಲ್ಲಿ ಸಿಕ್ಕಿದ್ದು. ಸುಮಾರು 92 ಕೆಲ್ವಿನ್‌ಗೆ (ಮೈನಸ್ 181 ಡಿಗ್ರಿ ಸೆಲ್ಸಿಯಸ್) ಇಳಿದಾಗ ಇದರ ವಿದ್ಯುತ್ ರೋಧ ಮಾಯವಾಗುತ್ತದೆ. ದ್ರವ ಸಾರಜನಕ 77 ಕೆಲ್ವಿನ್‌ನಲ್ಲಿ ಕುದಿಯುತ್ತದೆ, ಹಾಗಾಗಿ ಅಷ್ಟು ತಂಪು ಸಾಕು. ಇದರಲ್ಲಿ ತಾಮ್ರದ ಜಾಗಕ್ಕೆ ಚೂರು ಬೇರೆ ಲೋಹ ಬೆರೆಸಿದರೆ ಏನಾಗುತ್ತದೆ? ಅದನ್ನು ಕಣ್ಣಾರೆ ನೋಡಬೇಕು ಅಂತ ನನಗೆ ಬಹಳ ದಿನದ ಆಸೆ.

ಹಳೆಯ ಅತಿವಾಹಕಗಳಿಗೆ ಒಂದು ನಿಯಮ ಇದೆ. ಕಾಂತಗುಣ ಇಲ್ಲದ ಬೆರಕೆ ಅಷ್ಟಾಗಿ ಕೆಡಿಸುವುದಿಲ್ಲ ಎಂದು 1959ರಲ್ಲಿ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ತೋರಿಸಿದರು. ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಹರಿಯುತ್ತವೆ; ಕಾಂತಗುಣ ಇರುವ ಬೆರಕೆ ಮಾತ್ರ ಆ ಜೋಡಿಗಳನ್ನು ಒಡೆಯುತ್ತದೆ. ಈ ಲೆಕ್ಕದಲ್ಲಿ ಕಾಂತಗುಣದ ನಿಕೆಲ್ ಕೇಡು, ಅದಿಲ್ಲದ ಸತು ನಿರುಪದ್ರವಿ.

ಏಳೂವರೆ ಗ್ರಾಂ ಪುಡಿ ಒಂದು ಸಲಕ್ಕೆ. ತಾಮ್ರದಲ್ಲಿ ಶೇ. 2ರಷ್ಟು ತೆಗೆದು ಸತು ಹಾಕಬೇಕಾದರೆ ಜಿಂಕ್ ಆಕ್ಸೈಡ್ ಬೇಕಾಗುವುದು 49 ಮಿಲಿಗ್ರಾಂ ಮಾತ್ರ. ಒಂದು ಚಿಟಿಕೆಯೂ ಅಲ್ಲ. ತೂಗುವಾಗ ಫ್ಯಾನ್ ಆರಿಸಿ ಉಸಿರು ಬಿಗಿಹಿಡಿದಿದ್ದೆ. ಪುಡಿಯಲ್ಲಿರುವ ಬೇರಿಯಂ ಕಾರ್ಬೊನೇಟ್ ವಿಷ, ಮಾಸ್ಕು, ಗ್ಲೌಸು ಇಲ್ಲದೆ ಮುಟ್ಟಬೇಡಿ. ಚೆನ್ನಾಗಿ ಅರೆದು, 920 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಮತ್ತೆ ಅರೆದು, ಬಿಲ್ಲೆ ಒತ್ತಿ, 950ರಲ್ಲಿ ಬೇಯಿಸಿ, ಆಮ್ಲಜನಕ ಹರಿಸುತ್ತಾ ನಿಧಾನ ತಣಿಸಬೇಕು.

ಈ ತಣಿಸುವುದರಲ್ಲೇ ನಾನು ಎಡವಿದ್ದು. ಸತುವಿನ ಬಿಲ್ಲೆ ಒಂದನ್ನೇ ಫರ್ನೇಸಿಗೆ ಹಾಕಿದ್ದ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಬಿಲ್ಲೆ ಬೇಗ ತಣಿಯಿತು, ಆಮ್ಲಜನಕ ಪೂರ್ತಿ ಒಳಗೆ ಸೇರಲಿಲ್ಲ. ಅಳೆದರೆ ಅತಿವಾಹಕತೆ ಇಲ್ಲ. ಕೆಡಿಸಿದ್ದು ಸತುವೋ, ಆಮ್ಲಜನಕದ ಕೊರತೆಯೋ? ಹೇಳಲು ದಾರಿಯೇ ಇರಲಿಲ್ಲ. ಆಮ್ಲಜನಕ ಕಡಿಮೆಯಾದರೂ ರೋಧ ಮಾಯವಾಗುವ ತಾಪ ಇಳಿಯುತ್ತದೆ. ಹಾಗಾಗಿ ಮುಂದಿನ ಸಲ ಮೂರನ್ನೂ ಒಂದೇ ತಟ್ಟೆಯಲ್ಲಿ, ಒಟ್ಟಿಗೇ ಬೇಯಿಸಿದೆ: ಶುದ್ಧದ್ದು, ಶೇ. 2 ನಿಕೆಲ್‌ದು, ಶೇ. 2 ಸತುವಿನದು. ಈ ಕೆಲಸಕ್ಕೆ ಕೈಹಾಕುವವರು ದಯವಿಟ್ಟು ಹೀಗೇ ಮಾಡಿ.

ದ್ರವ ಸಾರಜನಕ ಸಿಕ್ಕಿದ್ದು ದನಗಳ ಕೃತಕ ಗರ್ಭಧಾರಣೆಗೆ ಅದನ್ನು ಇಟ್ಟುಕೊಳ್ಳುವ ಪರಿಚಯದ ಪಶುವೈದ್ಯರಿಂದ. ಮೂರು ಬಿಲ್ಲೆಗಳನ್ನೂ ಥರ್ಮೊಕೋಲ್ ಬಟ್ಟಲಲ್ಲಿ ಮುಳುಗಿಸಿದೆವು. ಕುದಿತ ನಿಂತ ಮೇಲೆ ಒಂದೊಂದರ ಮೇಲೂ ಪುಟ್ಟ ಅಯಸ್ಕಾಂತ ಇಟ್ಟೆವು. ಅತಿವಾಹಕ ಅಯಸ್ಕಾಂತವನ್ನು ದೂರ ತಳ್ಳುತ್ತದೆ, ಹಾಗಾಗಿ ಅದು ಮೇಲೆ ತೇಲಬೇಕು. ಶುದ್ಧ ಬಿಲ್ಲೆಯ ಮೇಲೆ ತೇಲಿತು. ನಿಕೆಲ್‌ದರ ಮೇಲೂ ತೇಲಿತು, ತುಸು ತಗ್ಗಿನಲ್ಲಿ. ಸತುವಿನದರ ಮೇಲೆ ಟಕ್ ಅಂತ ಕೂತುಬಿಟ್ಟಿತು.

“ಸರ್, ನಿಕೆಲ್ ಅಲ್ವಾ ಕೆಡಿಸಬೇಕಿತ್ತು?” ಎಂದಳು ಒಬ್ಬ ವಿದ್ಯಾರ್ಥಿನಿ.

ಅಲ್ಲೇ ಇರುವುದು ಸೊಗಸು. ಹಳೆಯ ಲೋಹಗಳಲ್ಲಿ ಜೋಡಿಯ ಅಲೆ ಎಲ್ಲ ದಿಕ್ಕಿಗೂ ಒಂದೇ ಚಿಹ್ನೆಯದು. ಈ ತಾಮ್ರದ ಆಕ್ಸೈಡುಗಳಲ್ಲಿ ಒಂದು ದಿಕ್ಕಿಗೆ ಪ್ಲಸ್, ಅಡ್ಡ ದಿಕ್ಕಿಗೆ ಮೈನಸ್. ಬೆರಕೆಗೆ ಬಡಿದು ಎಲೆಕ್ಟ್ರಾನ್ ದಿಕ್ಕು ಬದಲಿಸಿದರೆ ಪ್ಲಸ್ಸೂ ಮೈನಸ್ಸೂ ಬೆರೆತು ಜೋಡಿ ಸೊರಗುತ್ತದೆ. ಕಾಂತಗುಣ ಇರಲಿ ಬಿಡಲಿ, ಯಾವ ಬೆರಕೆಯೂ ಇಲ್ಲಿ ಕೇಡೇ.

ಸತು ಜಾಸ್ತಿ ಕೆಡಿಸುವುದು ಯಾಕೆ? ಮಾರಿಕಾಂಬೆ ಜಾತ್ರೆಯ ದಿನ ಬಿಡಕಿಬೈಲಿನ ಜನಜಂಗುಳಿ ನೆನೆಸಿಕೊಳ್ಳಿ ಎಂದೆ. ಬೇರೆ ದಿನ ಅಲ್ಲಿ ಒಬ್ಬರು ನಡುವೆ ಕೂತರೆ ಪಕ್ಕದಿಂದ ದಾಟಿ ಹೋಗುತ್ತೇವೆ. ಜಾತ್ರೆಯಲ್ಲಿ ಒಬ್ಬರು ಕೂತರೆ ಸುತ್ತಲಿನ ಹತ್ತು ಜನ ತಡವರಿಸುತ್ತಾರೆ. ಈ ಆಕ್ಸೈಡಿನಲ್ಲಿ ಎಲೆಕ್ಟ್ರಾನ್‌ಗಳು ಹಾಗೆ ಒಂದಕ್ಕೊಂದು ತಾಗಿಕೊಂಡೇ ಇರುವಂಥವು. ತಾಮ್ರಕ್ಕೆ ಸ್ಪಿನ್ (ಪುಟ್ಟ ಅಯಸ್ಕಾಂತದಂಥ ಗುಣ) ಇದೆ, ಅಕ್ಕಪಕ್ಕದ ಸ್ಪಿನ್‌ಗಳು ಎದುರುಬದುರು ನಿಲ್ಲಲು ಎಳೆಯುತ್ತವೆ. ಸತುವಿಗೆ ಸ್ಪಿನ್ನೇ ಇಲ್ಲ. ಹೆಣಿಗೆಯಲ್ಲಿ ಅದೊಂದು ತೂತು. ತನಗಿಲ್ಲದ ಕಾಂತಗುಣ ಸುತ್ತಲಿನ ತಾಮ್ರಗಳಲ್ಲಿ ಎದ್ದು ಕಾಣುವಂತೆ ಮಾಡುತ್ತದೆ. ನಿಕೆಲ್‌ಗೆ ತನ್ನದೇ ಸ್ಪಿನ್ ಇದೆ, ಹೆಣಿಗೆ ಅಷ್ಟು ಹರಿಯುವುದಿಲ್ಲ. 2000ರಲ್ಲಿ ಬಿಸ್ಮತ್ ಇರುವ ಇಂಥದೇ ಹರಳಿನಲ್ಲಿ, ಒಂದೊಂದೇ ಸತುವಿನ ಪರಮಾಣುವಿನ ಸುತ್ತ ಅತಿವಾಹಕತೆ ಕುಗ್ಗಿರುವುದನ್ನು ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿದರು.

ಸತುವಿನ ಬಿಲ್ಲೆ ಪೂರ್ತಿ ಸತ್ತಿದೆಯೋ, ತಾಪ ಮಾತ್ರ ಇಳಿದಿದೆಯೋ ಎಂಬುದು ಬಾಕಿ ಇತ್ತು. ಬಿಲ್ಲೆಗೆ ಬೆಳ್ಳಿ ಪೇಂಟಿನಿಂದ ನಾಲ್ಕು ತಂತಿ ಅಂಟಿಸಿದೆ, ಎರಡರಲ್ಲಿ ಕರೆಂಟು, ಎರಡರಲ್ಲಿ ವೋಲ್ಟೇಜು. ಸಾರಜನಕದ ಫ್ಲಾಸ್ಕಿನಿಂದ ಪಂಪಿನಲ್ಲಿ ಆವಿ ಎಳೆದೆ. ಹಾಗೆ ಮಾಡಿದರೆ ದ್ರವ 77ಕ್ಕಿಂತ ಕೆಳಗಿಳಿಯುತ್ತದೆ, 63ರಲ್ಲಿ ಹೆಪ್ಪುಗಟ್ಟುತ್ತದೆ. ಮೀಟರಿನ ಅಂಕಿ ಬಹಳ ಹೊತ್ತು ಅಲುಗಲಿಲ್ಲ. 70 ಕೆಲ್ವಿನ್ ಸುಮಾರಿಗೆ ಬಂದಾಗ ಸರಸರ ಇಳಿದು ಸೊನ್ನೆಯಲ್ಲಿ ನಿಂತಿತು.